ಪ್ರೀಮಿಯಂ ಅಂದ್ರ ಜಮಾ ಅಲ್ಲ

ಗುಣವತಿಗೆ ಹೊಲಸು ಕಂಡರೆ ಹೇಸಿಗೆ ಆಗುತ್ತಿರಲಿಲ್ಲ. ಸುಲ್ತಾನ್ ಬಜಾರಿನ ಗಟಾರದ ಪಕ್ಕದ ಬಂಡಿಯ ಮುಂದೆ ನಿಂತು ಮಿರ್ಚಿ ಭಜಿ ತಿನ್ನಲು ಅವಳು ಎಂದೂ ಹಿಂದೆಮುಂದೆ ನೋಡಿದವಳಲ್ಲ. ಅವಳಿಗೆ ವಾಕರಿಕೆ ಬರುತ್ತಿದ್ದುದು ಮಾತಿನಿಂದ. ಯಾರಾದರೂ ಒಂದು ಶಬ್ದಕ್ಕೆ ಬೇರೆ ಬಣ್ಣ ಹಚ್ಚಿದರೆ, ಅರ್ಧ ಹೇಳಿ ಅರ್ಧ ನುಂಗಿದರೆ, ಎದ್ದು ಹೋಗಿ ಬಾಯಿ ಮುಕ್ಕಳಿಸಬೇಕು ಅನಿಸುತ್ತಿತ್ತು. ಇಪ್ಪತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿನಗೆ ಕಿವಿಯಲ್ಲೇ ಅಜೀರ್ಣ ಹತ್ತಿದೆ ಎಂದು ಗಂಡ ರಾಮಕೃಷ್ಣ ನಗುತ್ತಿದ್ದ.

ಗದಗಿನಲ್ಲಿ ಹುಟ್ಟಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು ಅವಳು. ರಾಮಕೃಷ್ಣ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ಇಡೀ ರಾಶಿಯನ್ನೇ ವಾಪಸು ಕಳಿಸುವುದು ಅವನ ಕೆಲಸ. ಇಬ್ಬರೂ ತಾರ್ನಾಕದ ಎರಡು ಕೋಣೆಯ ಫ್ಲಾಟಿನಲ್ಲಿದ್ದರು. ಗುಣವತಿ ಕೋಠಿಯ ಹತ್ತಿರದ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ಕಲಿಸುತ್ತಿದ್ದಳು. ಮಕ್ಕಳು ಕಡಿಮೆಯಾಗುತ್ತ ಬಂದು, ಕೊನೆಗೆ ಒಂಬತ್ತು ಮಂದಿ ಉಳಿದಾಗ ವಿಭಾಗವನ್ನೇ ಮುಚ್ಚಿದರು. ಆಗ ಅವಳಿಗೆ ಐವತ್ತೊಂದು. ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕೂತು ಬಾಯಿಗೆ ತುಕ್ಕು ಹಿಡಿದಂತಾಗಿತ್ತು.

ಅಂಥ ಹೊತ್ತಿನಲ್ಲಿ ರವಿಕಿರಣ ಮನೆ ಹುಡುಕಿಕೊಂಡು ಬಂದ. ಒಂಬತ್ತನೆಯ ತರಗತಿಯಲ್ಲಿ ಅವಳ ಕೈಯಲ್ಲಿ ಕಲಿತವನು. ಆಗಲೇ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬರುವ ಹುಡುಗ. ಈಗ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿದ. ಸಿರಿಬಾಳು ಸರ್ವಿಸಸ್ ಅಂತ ಒಂದು ಕಂಪನಿ ಇದೆ, ಜನರಿಗೆ ಹಣಕಾಸಿನ ತಿಳುವಳಿಕೆ ಕೊಡುವ ಕೆಲಸ ಮಾಡುತ್ತದೆ, ತಾನು ಅದರ ಮ್ಯಾನೇಜರು ಎಂದ.

"ಟೀಚರ್, ನಮ್ಮ ಕಡೆ ಮಂದಿ ಈ ಊರಾಗ ಎಷ್ಟ್ ಅದಾರ ನಿಮಗ ಗೊತ್ತೈತಲ್ಲ. ರಾಯಚೂರು, ಕೊಪ್ಪಳ, ಯಾದಗಿರಿಯಿಂದ ಬಿಲ್ಡಿಂಗ್ ಕೆಲಸಕ್ಕ ಬರ್ತಾರ. ಭಾಳ ದುಡೀತಾರ. ಆದ್ರ ದುಡದದ್ದು ಎಲ್ಲಿ ಇಡಬೇಕು ಗೊತ್ತಿಲ್ಲ. ಬ್ಯಾಂಕಿನವ ತೆಲುಗಿನ್ಯಾಗ ಹೇಳ್ತಾನ, ಆ್ಯಪ್ ಇಂಗ್ಲಿಷಿನ್ಯಾಗ ಹೇಳ್ತೈತಿ. ನೀವು ನಮ್ಮ ಮಾತಿನ್ಯಾಗ ಹೇಳ್ರಿ. ಸಣ್ಣ ಸಣ್ಣ ಪಾಠ, ಫೋನಿನ್ಯಾಗ ಕೇಳೂ ಹಂಗ."

"ನನಗ ಗೊತ್ತಿಲ್ಲದ್ದು ನಾ ಏನ್ ಕಲಿಸ್ಲೋ ರವೀ?"

"ಅದಕ್ಕ ನೀವ ಬೇಕ್ರಿ ಟೀಚರ್. ಗೊತ್ತಿದ್ದವ್ರು ಹೇಳಿದ್ರ ಯಾರಿಗೂ ತಿಳಿಯಂಗಿಲ್ಲ."

ಆ ಮಾತು ಅವಳಿಗೆ ಹಿಡಿಸಿತು. ಸುಳ್ಳೂ ಅಲ್ಲ. ಹಣದ ವಿಷಯದಲ್ಲಿ ಗುಣವತಿ ಅಂಗನವಾಡಿಯ ಮಗು. ರಾಮಕೃಷ್ಣ ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟ ಜಾಗದಲ್ಲಿ ಸಹಿ ಹಾಕುವುದಷ್ಟೇ ಅವಳಿಗೆ ಗೊತ್ತಿದ್ದದ್ದು. ಈಗ ಕೋಠಿಯ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಿ ನಾಲ್ಕು ಪುಸ್ತಕ ತಂದಳು. ಗಂಡನಿಗೆ ಪ್ರಶ್ನೆ ಕೇಳಿ ಕೇಳಿ ಅವನ ತಲೆ ತಿಂದಳು. ಎರಡು ತಿಂಗಳು ಕೂತು, ಗೆರೆ ಹಾಳೆಯ ನೋಟುಬುಕ್ಕಿನಲ್ಲಿ ಹದಿನೆಂಟು ಪಾಠ ಬರೆದಳು.

ಚಕ್ರಬಡ್ಡಿಗೆ ಅವಳು ಕೋಳಿಯನ್ನು ತಂದಳು. "ಕೋಳಿ ಮರಿ ಮಾಡ್ತೈತಿ, ಅದು ಬಡ್ಡಿ. ಆ ಮರೀನೂ ಬೆಳೆದು ಮರಿ ಮಾಡಿದ್ರ ಚಕ್ರಬಡ್ಡಿ. ನೀವು ಸಾಲ ತಂದಾಗ ಆ ಕೋಳಿ ಸಾವುಕಾರನ ಮನ್ಯಾಗ ಇರ್ತೈತಿ. ಜಮಾ ಇಟ್ಟಾಗ ನಿಮ್ಮ ಮನ್ಯಾಗ." ಮ್ಯೂಚುವಲ್ ಫಂಡಿಗೆ ಬಟ್ಟೆ ಸಿಕ್ಕಿತು. "ಹತ್ತು ಮಂದಿ ರೊಕ್ಕ ಕೂಡಿಸಿ ಸುಲ್ತಾನ್ ಬಜಾರಿನ್ಯಾಗ ತಾನುಗಟ್ಟಲೆ ಬಟ್ಟಿ ತಗೊಂಡಂಗ. ಯಾವ ಬಟ್ಟಿ ತಗೋಬೇಕು ಅನ್ನೂದನ್ನ ಬಟ್ಟಿ ಬಲ್ಲವ ಒಬ್ಬನಿಗೆ ಬಿಡ್ತೀವಿ, ಅವಗ ಕೂಲಿ ಕೊಡ್ತೀವಿ. ರೇಟ್ ಏರಿದ್ರ ಹತ್ತೂ ಮಂದಿಗೆ ಲಾಭ, ಇಳದ್ರ ಹತ್ತೂ ಮಂದಿಗೆ ಲುಕ್ಸಾನು." ತಿಂಗಳು ತಿಂಗಳು ಇಷ್ಟಿಷ್ಟೇ ಹಾಕುತ್ತ ಹೋಗುವ ಎಸ್‌ಐಪಿ ಅಂದರೆ ಅದೇ ಬಟ್ಟೆಯನ್ನು ಪ್ರತಿ ತಿಂಗಳೂ ಅವತ್ತಿನ ರೇಟಿಗೆ ಒಂದಿಷ್ಟು ಕೊಂಡಂತೆ. ನಾಮಿನಿ ಅಂದರೆ ಯಾರು, ಬ್ಯಾಂಕಿನಲ್ಲಿ ಜಮಾ ಇಟ್ಟ ಹಣವನ್ನು ಹೇಗೆ ಬೇಕಾದಾಗ ತೆಗೆಯಬಹುದು, ಎಲ್ಲ ಬರೆದಳು.

ಅವಳಿಗೆ ಎಲ್ಲಕ್ಕಿಂತ ಸಮಾಧಾನ ತಂದದ್ದು ಹನ್ನೊಂದನೆಯ ಪಾಠ. "ವಿಮಾ ಅಂದ್ರ ನಮಗೇನರ ಆದ್ರ ಮನಿಯವ್ರಿಗೆ ಸಿಗೂ ಆಸರಾ. ಅದಕ್ಕ ಕಟ್ಟೂ ರೊಕ್ಕಕ್ಕ ಪ್ರೀಮಿಯಂ ಅಂತಾರ. ಪ್ರೀಮಿಯಂ ಅಂದ್ರ ಜಮಾ ಅಲ್ಲ. ಬೇಕಾದಾಗ ತಗೊಳ್ಳಾಕ ಬರಂಗಿಲ್ಲ. ಕೆಲವು ಪಾಲಿಸಿಯೊಳಗ ವಿಮಾ ಮತ್ತ ಉಳಿತಾಯ ಎರಡೂ ಕಲಸಿರ್ತಾರ. ವರ್ಷಾ ವರ್ಷಾ ಕಟ್ಟಬೇಕು. ನಡುವ ಬಿಟ್ರ ಕಟ್ಟಿದ್ದು ಪೂರಾ ವಾಪಸ್ ಬರಂಗಿಲ್ಲ. ಸಹಿ ಮಾಡೂಕಿಂತ ಮೊದ್ಲು ಕೇಳ್ರಿ."

ರೆಕಾರ್ಡಿಂಗ್ ಕೋಣೆಯಲ್ಲಿ ಗೋಡೆಗೆಲ್ಲ ಸ್ಪಂಜು. ಸಿಗರೇಟಿನ ವಾಸನೆಯ ಮೇಲೆ ಮಲ್ಲಿಗೆಯ ರೂಮ್ ಫ್ರೆಶನರ್ ಹೊಡೆದಿದ್ದರು. ರವಿಕಿರಣ ಗಾಜಿನ ಆಚೆ ಕೂತು ಪ್ರತಿ ಪಾಠಕ್ಕೂ ಹೆಬ್ಬೆರಳು ಎತ್ತುತ್ತಿದ್ದ. ಒಂದೇ ಕಡೆ ತಡೆದ.

"ಟೀಚರ್, ಲುಕ್ಸಾನು ಅಂದ್ರ ಮಂದಿ ಅಂಜ್ತಾರ. ಏರಿಳಿತ ಅನ್ನೂಣು?"

"ಇಳದದ್ದಕ್ಕ ಲುಕ್ಸಾನು ಅನ್ನದ ಮತ್ತೇನಂತಾರೋ?"

"ಹೊಸಬ್ರಲ್ರಿ. ಮೊದ್ಲ ಧೈರ್ಯ ಬರ್ಲಿ."

ಗುಣವತಿ ಗೊಣಗಿದಳು. ಆದರೂ ಏರಿಳಿತ ಎಂದೇ ಓದಿದಳು. ಕೊನೆಗೆ, ಷರತ್ತುಗಳನ್ನೆಲ್ಲ ಓದಿ ತಿಳಿದುಕೊಳ್ಳಿ ಎಂಬ ಎಚ್ಚರಿಕೆಯ ಸಾಲುಗಳನ್ನು ಓದಿಸಿದರು. ಎಂಟು ಸೆಕೆಂಡಿನಲ್ಲಿ ಮುಗಿಸಬೇಕು ಎಂದರು. ಮೊದಲ ಸಲ ಹದಿನೇಳು ಸೆಕೆಂಡಾಯಿತು. "ಜೋರ ಹೋಗ್ರಿ ಟೀಚರ್, ಇದನ್ನ ಯಾರೂ ಕೇಳಂಗಿಲ್ಲ." ಆರನೆಯ ಸಲಕ್ಕೆ ಉಸಿರು ಕಟ್ಟಿ ಓದಿ ಮುಗಿಸಿದಳು. ತಾನು ಓದಿದ್ದು ತನಗೇ ತಿಳಿಯಲಿಲ್ಲ. ಮಗ್ಗಿ ಒಪ್ಪಿಸಲು ಬಾರದ ಹುಡುಗ ಬಾಯಿಗೆ ಬಂದದ್ದು ಬಡಬಡಿಸಿದಂತಿತ್ತು. ಆವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಆದರೆ ಹದಿನೆಂಟು ಸಾವಿರ ಖಾತೆಗೆ ಬಂತು. ಶಾಲೆ ಬಿಟ್ಟ ಮೇಲೂ ಹೆಂಡತಿ ದುಡಿಯುತ್ತಾಳೆ ಎಂದು ರಾಮಕೃಷ್ಣ ಕಾರ್ಖಾನೆಯಲ್ಲಿ ಪೇಡೆ ಹಂಚಿದ.

ಮೂರು ತಿಂಗಳಾದ ಮೇಲೆ, ಒಂದು ಸಂಜೆ, ತರಕಾರಿ ಚೀಲ ಹಿಡಿದು ಅವಳು ತನ್ನ ಓಣಿಯ ಹಿಂದಿನ ರಸ್ತೆಯಲ್ಲಿ ಬರುತ್ತಿದ್ದಳು. ಅಲ್ಲಿ ಆರು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಚಹಾದ ಹೊತ್ತು. ಮರಳಿನ ಗುಡ್ಡೆಯ ಪಕ್ಕ ನಾಲ್ಕು ಹೆಂಗಸರು ಕೂತಿದ್ದರು. ಅವರ ನಡುವಿನ ಫೋನಿನಿಂದ ಗುಣವತಿಯ ದನಿಯೇ ಕೇಳಿಬಂತು.

"ಜಮಾ ಅಂದ್ರ ನೀವು ಇಟ್ಟ ರೊಕ್ಕ ನಿಮ್ಮದ. ಬೇಕಾದಾಗ ತಗೋಬಹುದು."

ಅದು ಮೂರನೆಯ ಪಾಠ. ಬ್ಯಾಂಕಿನ ಖಾತೆಯ ಬಗ್ಗೆ ಅವಳು ಹೇಳಿದ್ದು. ಗುಣವತಿಗೆ ಹಿಗ್ಗಾಯಿತು, ನಿಂತಳು. ಆದರೆ ಪಾಠ ಮುಂದುವರಿಯಲಿಲ್ಲ. ಢಣ್ ಎಂದು ಒಂದು ಸಂಗೀತ ಬಂತು, ಗಂಡಸಿನ ದನಿಯೊಂದು "ಹಾಗಾದರೆ ಇಂದೇ ಸೇರಿ, ಸಿರಿ ಜಮಾ ಪ್ಲಾನ್!" ಎಂದಿತು. ಮತ್ತೆ ಅವಳದೇ ದನಿ: "ಜಮಾ ಇಟ್ಟಾಗ ಕೋಳಿ ನಿಮ್ಮ ಮನ್ಯಾಗ." ಆಮೇಲೆ ಎಂಟು ಸೆಕೆಂಡಿನ ಬಡಬಡಿಕೆ.

ಹೆಂಗಸರಲ್ಲಿ ಒಬ್ಬಳು ತಲೆ ಎತ್ತಿ ನೋಡಿದಳು. ಗುಣವತಿ ಅಭ್ಯಾಸಬಲದಿಂದ "ಯಾವೂರ ಆತ್ರೀ ನಿಮ್ದು?" ಎಂದು ಕೇಳಿಬಿಟ್ಟಿದ್ದಳು. ಆ ಒಂದು ಮಾತಿಗೇ ಆ ಹೆಂಗಸು ದನಿ ಗುರುತು ಹಿಡಿದಳು.

"ಅಯ್ಯ! ಫೋನಿನ್ಯಾಗಿನ ಟೀಚರಮ್ಮ ನೀವ ಏನ್ರಿ?"

ಅವಳ ಹೆಸರು ಗುರುಬಾಯಿ. ಲಿಂಗಸೂರಿನ ಕಡೆಯವಳು. ಗಂಡ ಹುಲಗೇಶ ಅದೇ ಕಟ್ಟಡದಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಗುರುಬಾಯಿ ಕೈಯಲ್ಲಿನ ಸಿಮೆಂಟು ಸೆರಗಿಗೆ ಒರೆಸಿಕೊಂಡು, ದೇವರ ಫೋಟೋ ಕಂಡವಳಂತೆ ನಮಸ್ಕಾರ ಮಾಡಿದಳು. "ನಿಮ್ಮ ಮಾತು ಕೇಳೇ ಕಟ್ಟೀವ್ರಿ ಅಕ್ಕಾರ. ನಲವತ್ತೆಂಟು ಸಾವಿರ. ಉಗಾದಿಗೆ ತಗದು ಹಳೇ ಕಾಂಕ್ರೀಟ್ ಮಿಕ್ಸರ್ ಮಶೀನ್ ಒಂದು ತಗೊಳ್ಳೂದೈತಿ. ಮಶೀನ್ ನಮ್ದ ಇದ್ರ ಗುತ್ತಿಗೀನೂ ನಾವ ಹಿಡೀಬಹುದಲ್ರಿ."

"ಕಾಗದ ಏನರ ಕೊಟ್ಟಾರೇನವ್ವಾ?"

ತಗಡಿನ ಶೆಡ್ಡಿನ ಒಳಗಿಂದ, ಅಕ್ಕಿ ಡಬ್ಬಿಯ ಅಡಿಯಿಂದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದ ಬಂತು. ಇಂಗ್ಲಿಷಿನ ಮೂವತ್ತಾರು ಪುಟ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಪ್ರೀಮಿಯಂ ಎಂದಿತ್ತು. ವರ್ಷಕ್ಕೆ ನಲವತ್ತೆಂಟು ಸಾವಿರ. ಹತ್ತು ವರ್ಷ ಕಟ್ಟಬೇಕು. ಹದಿನೈದು ವರ್ಷಕ್ಕೆ ಕೈಗೆ ಬರುತ್ತದೆ. ಅದು ಜಮಾ ಅಲ್ಲ, ಒಂದು ವಿಮಾ ಕಂಪನಿಯ ಪಾಲಿಸಿ. ಸಿರಿಬಾಳು ಅದರ ಏಜೆಂಟು.

"ಹನ್ನೊಂದನೇ ಪಾಠ ಕೇಳಿದ್ರೇನವ್ವಾ? ವಿಮಾದ್ದು?"

"ಪಾಠ ಹತ್ತ ಅದಾವಲ್ರಿ" ಎಂದಳು ಗುರುಬಾಯಿ.

ಮನೆಗೆ ಬಂದ ಗುಣವತಿ ತರಕಾರಿ ಚೀಲವನ್ನು ಬಾಗಿಲಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ತನ್ನ ನಾಲಿಗೆಯನ್ನು ಯಾರೋ ಕಿತ್ತುಕೊಂಡು ಹೋಗಿ, ಸಕ್ಕರೆ ಹಚ್ಚಿ, ನೊಣ ಹಿಡಿಯಲು ಇಟ್ಟಂತೆ ಅನಿಸುತ್ತಿತ್ತು. ಏನು ಮಾಡಿದರೂ ಆ ಅಂಟು ಬಾಯಿಂದ ಹೋಗಲಿಲ್ಲ.

ಕಾರ್ಖಾನೆಯಿಂದ ಬಂದ ರಾಮಕೃಷ್ಣ ಎಲ್ಲ ಕೇಳಿ, "ನೀ ಓದಿದಿ ಅಷ್ಟ. ಮಾರಿದವ ಅವ. ನಿಂದೇನ್ ತಪ್ಪೈತಿ?" ಎಂದ.

"ಹಂಗನಬ್ಯಾಡ್ರಿ" ಎಂದಳು ಗುಣವತಿ. "ಅದನ್ನ ಕೇಳಿದ್ರ ಇನ್ನಷ್ಟು ಹೇಸಿಗಿ ಬರ್ತೈತಿ. ಲುಕ್ಸಾನು ಅಂತ ಬರದಾಕಿ ನಾನು. ಏರಿಳಿತ ಅಂತ ಓದಿದಾಕೀನೂ ನಾನ."

ಗುರುಬಾಯಿ ಧೈರ್ಯ ಮಾಡಿ ಕೊಟ್ಟು ಕಳಿಸಿದ್ದ ಕಾಗದವನ್ನು ರಾಮಕೃಷ್ಣ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಬಿಡಿಭಾಗ ತಪಾಸಣೆ ಮಾಡುವವನಂತೆ ಸಾಲು ಸಾಲಾಗಿ ಬೆರಳಿಟ್ಟು ಓದಲು ಕೂತ. ಒಂಬತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಕಪಾಟು ತೆಗೆದ. ಆರು ವರ್ಷದ ಹಿಂದೆ ಬ್ಯಾಂಕಿನಲ್ಲಿ ಒಬ್ಬ ಹುಡುಗಿ 'ಎಫ್‌ಡಿಗಿಂತ ಚಲೋದು ಸರ್' ಎಂದು ಕೊಟ್ಟಿದ್ದ ಕಾಗದವನ್ನು ತಂದು ಪಕ್ಕಕ್ಕಿಟ್ಟ. ಕಂಪನಿ ಬೇರೆ, ಬಣ್ಣ ಬೇರೆ. ಒಳಗಿನ ಹೂರಣ ಅದೇ. ವರ್ಷಕ್ಕೆ ಒಂದು ಲಕ್ಷದಂತೆ ಆರು ಲಕ್ಷ ಕಟ್ಟಿದ್ದ. ಈಗ ಬಿಟ್ಟರೆ ಎಷ್ಟು ಬರುತ್ತದೆ ಎಂಬ ಪಟ್ಟಿ ಕೊನೆಯ ಪುಟದಲ್ಲಿತ್ತು. ಅವನು ಅದನ್ನು ಅವತ್ತೇ ಮೊದಲ ಸಲ ಓದಿದ್ದು.

"ನೀವು ಸಹಿ ಮಾಡೂ ಮುಂದ ಓದಲಿಲ್ಲೇನ್ರಿ?"

"ಪೆನ್ಸಿಲ್‌ಲೆ ಗುರ್ತು ಮಾಡಿ ಕೊಟ್ಟಿದ್ಲು" ಎಂದ ರಾಮಕೃಷ್ಣ. ಅವನಿಗೂ ಬಾಯಿ ಕಹಿಯಾಗಿರಬೇಕು, ಮೇಜಿನ ಮೇಲಿದ್ದ ಅಡಿಕೆ ಡಬ್ಬಿಯನ್ನು ದೂರ ತಳ್ಳಿದ. ಆಮೇಲೆ ಗುರುಬಾಯಿಯ ಕಾಗದಕ್ಕೇ ಮರಳಿ, ಒಂದು ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದ. "ಇಲ್ಲಿ ನೋಡು. ಫ್ರೀ ಲುಕ್. ಪಾಲಿಸಿ ಕಾಗದ ಕೈಗೆ ಬಂದು ಮೂವತ್ತು ದಿನದೊಳಗ ಬ್ಯಾಡ ಅಂದ್ರ, ಸ್ಟಾಂಪಿನ ಖರ್ಚು, ಅಷ್ಟು ದಿನದ ವಿಮಾದ ಖರ್ಚು ಹಿಡಕೊಂಡು ಉಳಿದದ್ದು ವಾಪಸ್ ಕೊಡಬೇಕು. ಕಾಗದ ಆಕಿಗೆ ಯಾವಾಗ ಬಂತಂತ?"

ಕಾಗದದ ಜೊತೆಗೇ ಇದ್ದ ಲಕೋಟೆಯ ಮೇಲಿನ ತಾರೀಖು ನೋಡಿದರು. ಇಪ್ಪತ್ತೆರಡು ದಿನ ಆಗಿತ್ತು.

ಮರುದಿನ ಗುಣವತಿ ಒಬ್ಬಳೇ ಸಿರಿಬಾಳಿನ ಆಫೀಸಿಗೆ ಹೋದಳು. ರವಿಕಿರಣ ಎದ್ದು ನಿಂತು, ಕುರ್ಚಿ ಎಳೆದು, ಚಹಾ ತರಿಸಿದ. ಅವನ ಹಿಂದಿನ ಗೋಡೆಯಲ್ಲಿ ಬಿಳಿ ಬೋರ್ಡು. ಅದರ ಮೇಲೆ ಹಸಿರು ಶಾಯಿಯಲ್ಲಿ 'ಟೀಚರಮ್ಮ ಕ್ಯಾಂಪೇನ್: ಕನ್ನಡ ಲೀಡ್ಸ್ ೬೩' ಎಂದು ಬರೆದು, ಪಕ್ಕದಲ್ಲಿ ನಗುವ ಮುಖ ಬಿಡಿಸಿದ್ದರು. ಅವಳ ದನಿ ಕೇಳಿ ಹಣ ಕಟ್ಟಿದ ಅರವತ್ತಮೂರು ಮಂದಿ. ಒಬ್ಬರಿಗೂ ಹೆಸರಿರಲಿಲ್ಲ.

"ಹನ್ನೊಂದನೇ ಪಾಠ ಎಲ್ಲಿ ಹೋತೋ?"

"ಟೀಚರ್, ಅದು ಎಡಿಟಿಂಗ್ ಟೀಮಿನವ್ರು... ಸಮಯ ಭಾಳ ಆಗ್ತಿತ್ತು."

"ಬ್ಯಾಂಕಿನ ಜಮಾದ ಮಾತು ಕತ್ತರಿಸಿ ಪಾಲಿಸಿಗೆ ಅಂಟಿಸಿದ್ದು? ಅದಕ್ಕೂ ಸಮಯ ಸಾಲಲಿಲ್ಲೇನು?"

ರವಿಕಿರಣ ನಕ್ಕ. ಆ ನಗೆಯಲ್ಲಿ ನಾಚಿಕೆ ಇದ್ದಿದ್ದರೆ ಅವಳು ಅರ್ಧ ಕ್ಷಮಿಸಿಬಿಡುತ್ತಿದ್ದಳೇನೋ. ನಾಚಿಕೆ ಇರಲಿಲ್ಲ. ದಡ್ಡ ಮಗುವಿಗೆ ತಿಳಿಹೇಳುವ ದೊಡ್ಡವರ ತಾಳ್ಮೆ ಇತ್ತು. "ನೀವು ಟೆನ್ಶನ್ ತಗೋಬ್ಯಾಡ್ರಿ ಟೀಚರ್. ಕೈಯಾಗ ಇದ್ರ ಆ ರೊಕ್ಕ ಅವ್ರು ಉಳಸ್ತಿದ್ರೇನು? ಶೇಂದಿ ಕುಡ್ಯಾಕ ಹಾಕ್ತಿದ್ರು. ನಾವು ಲಾಕ್ ಮಾಡಿ ಕೊಟ್ಟೀವಿ. ಒಂದ್ ಲೆಕ್ಕದಾಗ ಸೇವಾ ಇದು."

"ಈ ಸೇವಾಕ್ಕ ಆ ಗುರುಬಾಯಿ ಕಟ್ಟಿದ ನಲವತ್ತೆಂಟು ಸಾವಿರದಾಗ ನಿಮಗೆಷ್ಟು ಬಂತು?"

"ಅದು ಎಲ್ಲಾ ಕಡೆ ಇರೂದ. ಕಮಿಷನ್ ಇಲ್ಲದ ಯಾರ್ ಕೆಲಸ ಮಾಡ್ತಾರ?" ಅವನು ಮುಂದೆ ಬಾಗಿ ದನಿ ತಗ್ಗಿಸಿದ. "ಆ ಒಬ್ಬ ಹೆಣ್ಮಗಳದು ನಿಮಗ ಮನಸಿಗೆ ಹತ್ತಿದ್ರ, ನಾನ ಸುಮ್ನ ಕ್ಯಾನ್ಸಲ್ ಮಾಡಿಸಿ ಕೊಡ್ತೀನಿ. ಯಾರಿಗೂ ಹೇಳೂದು ಬ್ಯಾಡ. ಮತ್ತ ಟೀಚರ್, ಮುಂದಿನ ತಿಂಗಳ ಎರಡನೇ ಬ್ಯಾಚ್ ಐತಿ. ಈ ಸಲ ಮೂವತ್ತು ಕೊಡ್ತೀವಿ. ನಿಮ್ಮ ದನಿಗೆ ಮಂದಿ ಭಾಳ ನಂಬ್ತಾರ, ಡೇಟಾ ಹೇಳ್ತೈತಿ."

ಚಹಾ ಆರಿ, ಮೇಲೆ ಕೆನೆ ಸುಕ್ಕುಗಟ್ಟಿತ್ತು. ಗುಣವತಿ ಆ ಸುಕ್ಕನ್ನು ನೋಡುತ್ತ ಕೂತಳು. ಇವನ ಮಾತು ತಿದ್ದಿದವರಲ್ಲಿ ತಾನೂ ಒಬ್ಬಳು, 'ಮಾತು ಸ್ಪಷ್ಟ ಇರ್ಬೇಕು, ಕೇಳಿದವ್ರಿಗೆ ನಂಬಿಕಿ ಬರ್ಬೇಕು' ಎಂದು ವೇದಿಕೆ ಹತ್ತಿಸಿದವಳು ತಾನೇ. ಚಹಾದ ಕಪ್ಪನ್ನು ಆಚೆ ಸರಿಸಿದಳು.

"ಅರವತ್ತಮೂರೂ ಮಂದಿ ಹೆಸ್ರು, ಫೋನ್ ನಂಬರ್ ಕೊಡು."

"ಅದು ಪ್ರೈವಸಿ ಆಗ್ತೈತಿ ಟೀಚರ್" ಎಂದ ರವಿಕಿರಣ. ಈ ಸಲ ನಿಜವಾಗಿಯೂ ಬೇಜಾರಾದವನಂತೆ ಕಂಡ.

ಅವಳು ಎದ್ದು ಬಂದಳು. ಬಾಗಿಲಲ್ಲಿ ಅವನು ಮತ್ತೆ ಕಾಲು ಮುಟ್ಟಲು ಬಗ್ಗಿದಾಗ, ಸಗಣಿ ತುಳಿಯುವುದನ್ನು ತಪ್ಪಿಸುವವಳಂತೆ ಪಾದ ಹಿಂದೆ ಎಳೆದುಕೊಂಡಳು.

ಹೆಸರು ಸಿಗದ ಮೇಲೆ ಅಡ್ಡಾಕ್ಕೆ ಹೋಗದೆ ಗತಿಯಿರಲಿಲ್ಲ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಕೂಲಿಕಾರರು ಬುತ್ತಿ ಹಿಡಿದು ಮೇಸ್ತ್ರಿಗಳ ದಾರಿ ಕಾಯುವ ವೃತ್ತಕ್ಕೇ ಆ ಹೆಸರು. ಗುರುಬಾಯಿ ಅವಳನ್ನು ಅಲ್ಲಿಗೆ ಕರೆದೊಯ್ದಳು. ಗುಣವತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಫುಟ್‌ಪಾತಿನ ಕಟ್ಟೆಯ ಮೇಲೆ ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದಳು: "ಸಿರಿ ಜಮಾ ಪ್ಲಾನಿಗೆ ರೊಕ್ಕ ಕಟ್ಟಿದವ್ರು ಯಾರ್ ಅದೀರಿ? ಅದು ಜಮಾ ಅಲ್ರೆಪಾ. ಬೇಕಂದಾಗ ತಗೊಳ್ಳಾಕ ಬರಂಗಿಲ್ಲ. ಕಾಗದ ತಗೊಂಡ್ ಬರ್ರಿ, ನಾ ಓದಿ ಹೇಳ್ತೀನಿ."

ಮೊದಲ ದಿನ ಯಾರೂ ಹತ್ತಿರ ಬರಲಿಲ್ಲ. ಕಲ್ಲೇಶ ಎಂಬ ಗಾರೆಯವನೊಬ್ಬ ಮಾತ್ರ ಎದುರಿಗೆ ಬಂದು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಆವಾಗ ಕಟ್ರಿ ಅಂದಾಕಿನೂ ನೀನ, ಈಗ ಬ್ಯಾಡ ಅನ್ನಾಕಿನೂ ನೀನ. ಆವಾಗ ಎಷ್ಟು ತಿಂದಿ? ಈಗ ಯಾರ ಕಡಿಂದ ತಿನ್ನಾಕತ್ತೀ?"

ಹೇಳಿ, ಬಾಯಲ್ಲಿದ್ದ ಗುಟ್ಕಾವನ್ನು ಅವಳ ಚಪ್ಪಲಿಯ ಪಕ್ಕ ಉಗಿದು ಹೋದ. ಕೆಂಪು ಹನಿಗಳು ಸೀರೆಯ ಅಂಚಿಗೆ ಸಿಡಿದವು. ಗುರುಬಾಯಿ ಜಗಳಕ್ಕೆ ಹೊರಟಳು. ಗುಣವತಿ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. "ಬಿಡವ್ವಾ. ಅವ ಕೇಳಿದ್ದು ಖರೇನ ಐತಿ. ಹದಿನೆಂಟು ಸಾವಿರ ತಿಂದೀನಿ." ಇಷ್ಟು ದಿನಗಳಲ್ಲಿ ಅವಳಿಗೆ ಹೇಸಿಗೆ ಹುಟ್ಟಿಸದ ಮೊದಲ ಮಾತು ಆ ಕಲ್ಲೇಶನದು. ಅವನು ಏನನ್ನೂ ಮುಚ್ಚದೆ, ಅನಿಸಿದ್ದನ್ನು ನೇರ ಅಂದಿದ್ದ.

ಎರಡನೆಯ ದಿನ ಇಬ್ಬರು ಕಾಗದ ತಂದರು. ಐದನೆಯ ದಿನದ ಹೊತ್ತಿಗೆ ಹನ್ನೊಂದು ಪಾಲಿಸಿ ಸೇರಿದವು. ಕಟ್ಟೆಯ ಮೇಲೆ ಕೂತು ಗುಣವತಿ ಒಂದೊಂದನ್ನೂ ಬಿಚ್ಚಿ, ಈ ಸಲ ಯಾವುದನ್ನೂ ನುಂಗದೆ, ನಿಧಾನ ಓದಿ ಹೇಳಿದಳು. ಎಷ್ಟು ವರ್ಷ ಕಟ್ಟಬೇಕು, ನಡುವೆ ಬಿಟ್ಟರೆ ಎಷ್ಟು ಹೋಗುತ್ತದೆ, ಕೊನೆಗೆ ಸಿಗುವುದು ಎಷ್ಟು. ಕೇಳಿದವರು ಮೊದಲು ನಂಬಲಿಲ್ಲ, ಆಮೇಲೆ ಬೈದರು. ಯಾರಿಗೆ ಬೈದರು ಎಂಬುದು ಸ್ಪಷ್ಟವಿರಲಿಲ್ಲ. ಗುಣವತಿ ಅರ್ಧ ತನಗೇ ಎಂದುಕೊಂಡಳು.

ಹನ್ನೊಂದರಲ್ಲಿ ಏಳಕ್ಕೆ ಮಾತ್ರ ಮೂವತ್ತು ದಿನ ತುಂಬಿರಲಿಲ್ಲ. ರಾಮಕೃಷ್ಣ ರಜೆ ಹಾಕಿ ಏಳು ಅರ್ಜಿ ಬರೆದ. ವಿಮಾ ಕಂಪನಿಯ ಶಾಖೆಗೆ ಗುಣವತಿಯ ಜೊತೆ ಗುರುಬಾಯಿ, ಹುಲಗೇಶ ಮತ್ತು ಉಳಿದ ಆರು ಮಂದಿ ಕೂಲಿ ಬಿಟ್ಟು ಹೋದರು. ಕೌಂಟರಿನ ಹುಡುಗಿ ತೆಲುಗಿನಲ್ಲಿ, ಒಳ್ಳೆಯ ಪ್ಲಾನು ಯಾಕೆ ಬಿಡುತ್ತೀರಿ, ನಾಳೆ ಬನ್ನಿ, ಏಜೆಂಟರ ಮೂಲಕವೇ ಬರಬೇಕು, ಸಿಸ್ಟಮ್ ನಿಧಾನ ಇದೆ ಎಂದು ಒಂದರ ಮೇಲೊಂದು ಹೇಳಿದಳು. ಅವಳ ದನಿಯೂ ಎಲ್ಲೋ ಕಲಿಸಿಕೊಟ್ಟ ಪಾಠ ಒಪ್ಪಿಸುವಂತಿತ್ತು. ಗುಣವತಿಗೆ ಆ ಹುಡುಗಿಯ ಮೇಲೆ ಕನಿಕರವೂ, ಅದರ ಬೆನ್ನಿಗೇ ವಾಕರಿಕೆಯೂ ಬಂತು. ಫ್ರೀ ಲುಕ್ ಸಾಲಿದ್ದ ಒಂಬತ್ತನೆಯ ಪುಟವನ್ನು ತೆರೆದು ಗಾಜಿಗೆ ಒತ್ತಿ ಹಿಡಿದಳು.

"ಇದು ನಿಮ್ಮ ಕಂಪನಿಯೇ ಬರೆದದ್ದಮ್ಮಾ" ಎಂದು ತೆಲುಗಿನಲ್ಲೇ ಹೇಳಿದಳು. "ಅರ್ಜಿ ತಗೊಂಡದ್ದಕ್ಕೆ ಮೊಹರು ಹೊಡಿ. ಏಳೂ ಅರ್ಜಿಗೆ. ಹೊಡೆಯೋವರೆಗೆ ನಾವು ಇಲ್ಲೇ ಕೂತಿರ್ತೀವಿ."

ಮೂರು ತಾಸು ಕೂತರು. ಏಸಿಯ ತಂಪಿಗೆ ಹುಲಗೇಶ ಬೆಂಚಿನ ಮೇಲೆ ನಿದ್ದೆ ಹೋದ. ಬಂದು ಹೋಗುವ ಗಿರಾಕಿಗಳು ಸಿಮೆಂಟು ಮೆತ್ತಿದ ಆ ಕಾಲುಗಳನ್ನು ನೋಡಿ ಮೂಗು ಮುರಿದರು. ಮ್ಯಾನೇಜರು ಎರಡು ಸಲ ಹೊರಗೆ ಬಂದು ನೋಡಿದ. ಕೊನೆಗೆ ಏಳೂ ಅರ್ಜಿಗಳ ಮೇಲೆ ಮೊಹರು ಬಿತ್ತು.

ಹದಿನಾರು ದಿನಗಳಾದ ಮೇಲೆ ಗುರುಬಾಯಿಯ ಖಾತೆಗೆ ನಲವತ್ತೇಳು ಸಾವಿರದ ಚಿಲ್ಲರೆ ಹಣ ಬಂತು. ಉಳಿದ ಆರು ಮಂದಿಗೂ ಆ ವಾರದಲ್ಲೇ ಬಂತು. ದಿನ ಮೀರಿದ ನಾಲ್ವರಿಗಾಗಿ ರಾಮಕೃಷ್ಣ ಮೊದಲು ಕಂಪನಿಗೆ, ಆಮೇಲೆ ವಿಮೆಯ ತಕರಾರು ಆಲಿಸುವ ಸರ್ಕಾರಿ ಕಚೇರಿಗೆ ಬರೆದ. ಗುರುಬಾಯಿಯ ಫೋನಿನಲ್ಲಿ ಉಳಿದಿದ್ದ ಆ ಜಾಹೀರಾತನ್ನೇ ಸಾಕ್ಷಿಗೆ ಕೊಟ್ಟರು. ಅದರಲ್ಲಿ ಒಬ್ಬನದು ವಾಪಸು ಬಂತು, ಮೂವರದು ಇನ್ನೂ ವಿಚಾರಣೆಯಲ್ಲಿದೆ. ಬೋರ್ಡಿನ ಮೇಲೆ ಬರೆದಿದ್ದ ಅರವತ್ತಮೂರರಲ್ಲಿ ಐವತ್ತೆರಡು ಮಂದಿ ಯಾರು, ಯಾವ ಕಟ್ಟಡ ಮುಗಿಸಿ ಯಾವ ಊರಿಗೆ ಹೋದರು, ಗುಣವತಿಗೆ ಕಡೆಗೂ ತಿಳಿಯಲಿಲ್ಲ.

ರಾಮಕೃಷ್ಣನ ಪಾಲಿಸಿಗೆ ಮಾತ್ರ ಮದ್ದಿರಲಿಲ್ಲ. ಬಿಟ್ಟರೆ ಹೋಗುವುದೆಷ್ಟು, ಕಟ್ಟುತ್ತ ಹೋದರೆ ಬರುವುದೆಷ್ಟು ಎಂದು ನಾಲ್ಕು ದಿನ ಹಾಳೆಯ ಮೇಲೆ ಬರೆದು, ಕೊನೆಗೆ ಕಟ್ಟುವುದೇ ಕಡಿಮೆ ನಷ್ಟ ಎಂದು ತೀರ್ಮಾನಿಸಿ, ಹಲ್ಲು ಕಚ್ಚಿ ಏಳನೆಯ ಕಂತು ಕಟ್ಟಿದ. ರಸೀದಿಯನ್ನು ಅವನು ಎರಡು ಬೆರಳಲ್ಲಿ, ಸತ್ತ ಜಿರಲೆಯನ್ನು ಹಿಡಿದಂತೆ ಹಿಡಿದು ಕಪಾಟಿಗೆ ಹಾಕಿದ್ದನ್ನು ಗುಣವತಿ ನೋಡಿದಳು. ಅಡಿಗೆಮನೆಗೆ ಹೋಗಿ ಒಂದಿಷ್ಟು ಮಜ್ಜಿಗೆ ಕಲಸಿ ತಂದು ಅವನ ಮುಂದಿಟ್ಟಳು.

ಹದಿನೆಂಟು ಸಾವಿರವನ್ನು ರವಿಕಿರಣನ ಮುಖದ ಮೇಲೆ ಎಸೆಯಬೇಕೆಂದು ಅವಳಿಗೆ ಒಂದೆರಡು ಸಲ ಅನಿಸಿತ್ತು. ಎಸೆಯಲಿಲ್ಲ. ಅವನು ಅದನ್ನೂ ನಕ್ಕು ಎತ್ತಿಕೊಂಡು ಮತ್ತೊಬ್ಬ ಟೀಚರಿಗೆ ಕೊಡುತ್ತಾನೆ ಎಂದು ಗೊತ್ತಿತ್ತು. ಆ ಹಣ ಆಟೋಕ್ಕೆ, ಜೆರಾಕ್ಸಿಗೆ, ಎಂಟು ಮಂದಿಯ ಒಂದು ದಿನದ ಕೂಲಿಗೆ, ರಿಜಿಸ್ಟರ್ ಪತ್ರಗಳಿಗೆ ಖರ್ಚಾಯಿತು. ಸಿರಿಬಾಳಿನ ಬಗ್ಗೆಯೂ ಅವಳು ದೂರು ಕೊಟ್ಟಳು. ಜಾಹೀರಾತು ಫೋನುಗಳಿಂದ ಮಾಯವಾಯಿತು. ಎರಡು ತಿಂಗಳಲ್ಲಿ ಅದೇ ಆಫೀಸಿನ ಬಾಗಿಲಿಗೆ ಬೇರೊಂದು ಹೆಸರಿನ ಬೋರ್ಡು ಬಂತು. ದೀಪಾವಳಿಗೆ ರವಿಕಿರಣನಿಂದ ಶುಭಾಶಯದ ಸಂದೇಶವೂ ಬಂತು, ಹಣತೆಯ ಚಿತ್ರದೊಂದಿಗೆ. ಅದನ್ನು ಅಳಿಸಿದ ಮೇಲೆ ಗುಣವತಿ ಕೈ ತೊಳೆದುಕೊಂಡಳು.

ಅವಳು ರೆಕಾರ್ಡಿಂಗಿಗೆ ಮತ್ತೆ ಹೋಗಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ಮೈಕು ಕೊಟ್ಟರೂ ಮುಟ್ಟುವುದಿಲ್ಲ. ಆದರೆ ಭಾನುವಾರ ಬೆಳಗ್ಗೆ ಅಡ್ಡಾದ ಕಟ್ಟೆಗೆ ಹೋಗಿ ಕೂರುತ್ತಾಳೆ. ಯಾರಾದರೂ ಪಾಸ್‌ಬುಕ್ಕು, ಯಾರಾದರೂ ಚೀಟಿಯ ಕಾಗದ, ಯಾರಾದರೂ ಫೋನಿಗೆ ಬಂದ ಸಾಲದ ಮೆಸೇಜು ತರುತ್ತಾರೆ. ಅವಳು ಓದಿ ಹೇಳುತ್ತಾಳೆ. ಯಾವುದರಲ್ಲಿ ಹಣ ಹಾಕಿ ಎಂದು ಮಾತ್ರ ಹೇಳುವುದಿಲ್ಲ. ಕೇಳಿದರೆ, "ಅದು ನನಗ ಗೊತ್ತಿಲ್ರೆಪಾ. ಶಬ್ದದ ಅರ್ಥ ಅಷ್ಟ ಗೊತ್ತೈತಿ" ಅನ್ನುತ್ತಾಳೆ.

ಕಳೆದ ವಾರ 'ಬೂದೆಪ್ಪ' ಎಂದು ಹೆಸರು ಹೇಳಿದ ಹೊಸಬನೊಬ್ಬ ಬಂದಿದ್ದ. ಕೊಪ್ಪಳದ ಕಡೆಯ ನಡುವಯಸ್ಸಿನ ಮನುಷ್ಯ. ಯಾವುದೋ ಕಂಪನಿ ಕೊಟ್ಟ ಬಣ್ಣದ ಹಾಳೆಯನ್ನು ಅವಳ ಕೈಗೆ ಕೊಟ್ಟು, ಅವಳು ಕನ್ನಡಕ ತೆಗೆಯುವಷ್ಟರಲ್ಲಿ ತಡೆದ.

"ನಿಲ್ರಿ ಅವ್ವಾರ. ಇದನ್ನ ಓದಿ ಹೇಳಿದ್ರ ನಿಮಗೆಷ್ಟು ಸಿಗತೈತಿ?"

ಪಕ್ಕದಲ್ಲಿ ಕೂತವರು ನಕ್ಕರು. ಗುಣವತಿ ನಗಲಿಲ್ಲ. "ನನಗೇನೂ ಸಿಗಂಗಿಲ್ಲಪಾ. ಆದ್ರ ಈ ಹಾಳಿ ಕೊಟ್ಟಾಂವಗೂ ಇದನ್ನ ಕೇಳು. ಮೊದ್ಲ ಇದನ್ನ ಕೇಳು."

ಬೂದೆಪ್ಪನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಹಾಳೆಯನ್ನು ವಾಪಸು ತೆಗೆದುಕೊಂಡು, ನಾಲ್ಕಾಗಿ ಮಡಚಿ ಕಿಸೆಗೆ ಹಾಕಿ, ಬೇರೆ ಯಾರನ್ನಾದರೂ ಕೇಳುತ್ತೇನೆ ಎಂದು ಎದ್ದುಹೋದ. ಗುಣವತಿ ಅವನನ್ನು ಕರೆಯಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವನು ಆಗಲೇ ಕಲಿತಿದ್ದ.